ನೀರು ಎಲ್ಲವನ್ನೂ ಕರಗಿಸುತ್ತದೆ ಅಂದರೆ, ನಾವು ಯಾಕೆ ಕರಗುವುದಿಲ್ಲ?

ವಿಜ್ಞಾನದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಎಂಟನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಮೊನ್ನೆ ನೀರಿನ ಗುಣಗಳ ಪಾಠ ನಡೆಯುತ್ತಿತ್ತು. ಪ್ರತಿ ವರ್ಷದಂತೆ ‘ನೀರು ಸಾರ್ವತ್ರಿಕ ದ್ರಾವಕ’ ಅಂತ ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ಹಾಗಿದ್ರೆ ಸ್ನಾನ ಮಾಡುವಾಗ ನಾವ್ಯಾಕೆ ಕರಗಲ್ಲ?” ಅಂತ ಕೇಳಿದಳು.

ತರಗತಿ ನಕ್ಕಿತು. ಅವಳು ನಗಲಿಲ್ಲ. ಚರ್ಮದಲ್ಲಿ ಎಣ್ಣೆಯ ಅಂಶ ಇದೆ, ಅದಕ್ಕೇ ಅಂದೆ. ಅವಳು ಕೂರಲಿಲ್ಲ. “ಒಳಗೂ ನೀರೇ ಇದೆಯಲ್ಲ ಸರ್? ಒಳಗಿನಿಂದ ಯಾಕೆ ಕರಗಲ್ಲ?”

ದೊಡ್ಡವರ ತೂಕದಲ್ಲಿ ಹೆಚ್ಚುಕಡಿಮೆ ನೂರಕ್ಕೆ 60 ಪಾಲು ನೀರು. ಅದನ್ನು ಹಿಂದಿನ ದಿನ ನಾನೇ ಹೇಳಿದ್ದೆ. ಸೋಮವಾರ ಉತ್ತರ ಕೊಡುತ್ತೇನೆ ಅಂತ ಅವಳಿಗೆ ಮಾತು ಕೊಟ್ಟಿದ್ದೇನೆ. ಸುಮ್ನೆ ಒಂದು ವಾಕ್ಯ ಹೇಳಿ ಕೂರಿಸಲು ಮನಸ್ಸಿಲ್ಲ. ಗೊತ್ತಿರುವವರು ಬಿಡಿಸಿ ಹೇಳುತ್ತೀರಾ?

ರಸಾಯನ ವಿದ್ಯಾರ್ಥಿನಿ

ಸರ್, ಮೊದಲು ಆ ‘ಸಾರ್ವತ್ರಿಕ ದ್ರಾವಕ’ ಅನ್ನುವ ಮಾತನ್ನೇ ಸ್ವಲ್ಪ ಅಳಿಸಬೇಕು. ನೀರು ಎಲ್ಲವನ್ನೂ ಕರಗಿಸುವುದಿಲ್ಲ. ಬೇರೆ ದ್ರವಗಳಿಗಿಂತ ಹೆಚ್ಚು ಬಗೆಯ ವಸ್ತುಗಳನ್ನು ಕರಗಿಸುತ್ತದೆ, ಅಷ್ಟೇ. ಯಾವುದನ್ನು ಕರಗಿಸುವುದಿಲ್ಲ ಅನ್ನುವುದರಲ್ಲೇ ನಿಮ್ಮ ವಿದ್ಯಾರ್ಥಿನಿಯ ಉತ್ತರ ಇದೆ.

ನೀರಿನ ಅಣುವಿನಲ್ಲಿ ಒಂದು ಆಕ್ಸಿಜನ್, ಎರಡು ಹೈಡ್ರೋಜನ್. ಮೂರೂ ಒಂದೇ ಗೆರೆಯಲ್ಲಿ ನಿಂತಿಲ್ಲ. ಸುಮಾರು 104.5 ಡಿಗ್ರಿ ಕೋನದಲ್ಲಿ ಬಾಗಿ ನಿಂತಿವೆ. ಆಕ್ಸಿಜನ್ ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಜಾಸ್ತಿ ಎಳೆದುಕೊಳ್ಳುತ್ತದೆ. ಹಾಗಾಗಿ ಅಣುವಿನ ಒಂದು ಬದಿಗೆ ಸ್ವಲ್ಪ ಋಣ ವಿದ್ಯುದಂಶ, ಇನ್ನೊಂದು ಬದಿಗೆ ಸ್ವಲ್ಪ ಧನ ವಿದ್ಯುದಂಶ. ಗೆರೆಯಂತೆ ನೆಟ್ಟಗಿದ್ದಿದ್ದರೆ ಎರಡು ಬದಿಯ ಎಳೆತ ಒಂದನ್ನೊಂದು ಅಳಿಸಿಬಿಡುತ್ತಿತ್ತು. ಕಾರ್ಬನ್ ಡೈಆಕ್ಸೈಡಿನಲ್ಲಿ ಆಗುವುದು ಅದೇ.

ಉಪ್ಪನ್ನು ನೀರಿಗೆ ಹಾಕಿದಾಗ ಸೋಡಿಯಂ ಮತ್ತು ಕ್ಲೋರಿನ್ ಅಯಾನುಗಳ (ವಿದ್ಯುದಂಶ ಇರುವ ಕಣಗಳ) ಸುತ್ತ ನೀರಿನ ಅಣುಗಳು ಮುತ್ತಿಕೊಳ್ಳುತ್ತವೆ. ಆ ಅಯಾನುಗಳ ನಡುವಿನ ಸೆಳೆತ ನೀರಿನಲ್ಲಿ ಸುಮಾರು 80 ಪಟ್ಟು ಕಡಿಮೆಯಾಗುತ್ತದೆ. ಹರಳು ಬಿಡಿಬಿಡಿಯಾಗುತ್ತದೆ. ಸಕ್ಕರೆಯ ಕಥೆ ಬೇರೆ. ಅದರಲ್ಲಿ ಅಯಾನುಗಳಿಲ್ಲ, ಆದರೆ ನೀರಿನೊಂದಿಗೆ ಕೈ ಹಿಡಿಯಲು ಅದರ ಮೈ ತುಂಬ ಜಾಗಗಳಿವೆ.

ಕೊಬ್ಬಿಗೆ ಅಂಥ ಜಾಗ ಇಲ್ಲ. ಅದರ ಉದ್ದನೆಯ ಕಾರ್ಬನ್ ಸರಪಳಿಗೆ ನೀರನ್ನು ಹಿಡಿಯಲು ಏನೂ ಸಿಗುವುದಿಲ್ಲ. ನೀರಿನ ಅಣುಗಳು ತಮ್ಮತಮ್ಮಲ್ಲೇ ಕೈ ಹಿಡಿದುಕೊಂಡು ಕೊಬ್ಬನ್ನು ಒಂದು ಕಡೆಗೆ ಒತ್ತುತ್ತವೆ. ಎಣ್ಣೆ ನೀರನ್ನು ದ್ವೇಷಿಸುತ್ತದೆ ಅಂತ ಹೇಳಿಕೊಡುತ್ತಾರಲ್ಲ, ನನಗೆ ಅದು ಸರಿ ಕಾಣುವುದಿಲ್ಲ. ನೀರಿಗೆ ನೀರಿನ ಮೇಲೆಯೇ ಒಲವು ಹೆಚ್ಚು.

ಈಗ ಒಂದೇ ಅಣುವಿಗೆ ನೀರು ಒಪ್ಪುವ ತಲೆ, ನೀರು ಒಪ್ಪದ ಬಾಲ ಎರಡೂ ಇದ್ದರೆ? ನಮ್ಮ ಜೀವಕೋಶದ ಪೊರೆ ಇಂಥ ಅಣುಗಳಿಂದಲೇ ಆಗಿದೆ. ಅವನ್ನು ಫಾಸ್ಫೋಲಿಪಿಡ್ ಅನ್ನುತ್ತಾರೆ. ನೀರಿಗೆ ಹಾಕಿದರೆ ಸಾಕು, ಬಾಲಗಳು ಒಳಮುಖ, ತಲೆಗಳು ಹೊರಮುಖ ಮಾಡಿಕೊಂಡು ಎರಡು ಪದರದ ಹಾಳೆಯಾಗಿ ತಾವಾಗಿಯೇ ನಿಲ್ಲುತ್ತವೆ. ಯಾರೂ ಜೋಡಿಸಬೇಕಿಲ್ಲ. ದಪ್ಪ ಕೆಲವೇ ನ್ಯಾನೋಮೀಟರ್. ನೀರು ಎಷ್ಟು ಒತ್ತಿದರೂ ಅದು ಕರಗುವುದಿಲ್ಲ. ಯಾಕೆಂದರೆ ಅದನ್ನು ಹಿಡಿದಿಟ್ಟಿರುವುದೇ ಆ ಒತ್ತು. ನೀರು ತೆಗೆದುಬಿಟ್ಟರೆ ಆ ಹಾಳೆಗೆ ಹಾಗೆ ನಿಲ್ಲಲು ಕಾರಣವೇ ಇರುವುದಿಲ್ಲ.

ಆದ್ದರಿಂದ ಅವಳಿಗೆ ಹೀಗೆ ಹೇಳಬಹುದು: ನೀರು ನಮ್ಮನ್ನು ಕರಗಿಸುತ್ತಿಲ್ಲ, ನಮ್ಮನ್ನು ಒಟ್ಟಿಗೆ ಹಿಡಿದಿರುವುದೇ ನೀರು.

ಹೊಸ ಓದುಗ

ಪೊರೆ ಅಷ್ಟು ಗಟ್ಟಿ ಗೋಡೆ ಅಂದರೆ ಕುಡಿದ ನೀರು ಜೀವಕೋಶದ ಒಳಗೆ ಹೋಗುವುದು ಹೇಗೆ? ಇನ್ನೊಂದು ಪ್ರಶ್ನೆ. ಜಾಸ್ತಿ ಹೊತ್ತು ನೀರಿನಲ್ಲಿದ್ದರೆ ಬೆರಳ ತುದಿ ಸುಕ್ಕಾಗುತ್ತದೆ. ಅದು ಕರಗಲು ಶುರುವಾದ ಲಕ್ಷಣ ಅಂತ ಚಿಕ್ಕವನಿದ್ದಾಗ ಹೆದರುತ್ತಿದ್ದೆ.

ರಸಾಯನ ವಿದ್ಯಾರ್ಥಿನಿ

ನೀರಿನ ಅಣು ತುಂಬಾ ಚಿಕ್ಕದು. ಸ್ವಲ್ಪ ಪೊರೆಯ ನಡುವೆಯೇ ನುಸುಳುತ್ತದೆ. ಜಾಸ್ತಿ ಬೇಕಾದ ಕಡೆ, ಮೂತ್ರಪಿಂಡದಂಥ ಜಾಗದಲ್ಲಿ, ಅದಕ್ಕೆಂದೇ ಪ್ರೋಟೀನಿನ ಕೊಳವೆಗಳಿವೆ. ಹೆಸರು ಅಕ್ವಾಪೊರಿನ್. ಪೀಟರ್ ಆಗ್ರೆ ಇದನ್ನು ಕಂಡುಹಿಡಿದು 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಒಂದು ಕೊಳವೆಯಲ್ಲಿ ಸೆಕೆಂಡಿಗೆ ನೂರು ಕೋಟಿಯ ಲೆಕ್ಕದಲ್ಲಿ ನೀರಿನ ಅಣುಗಳು ಸಾಲಾಗಿ ದಾಟುತ್ತವೆ. ಪ್ರೋಟಾನನ್ನು, ಅಂದರೆ ಹೈಡ್ರೋಜನ್ ಅಯಾನನ್ನು, ಮಾತ್ರ ಬಿಡುವುದಿಲ್ಲ. ಬಿಟ್ಟರೆ ಕೋಶದ ಆಮ್ಲೀಯತೆಯ ಲೆಕ್ಕವೇ ತಪ್ಪುತ್ತದೆ.

ಬೆರಳು ಸುಕ್ಕಾಗುವುದು ಕರಗುವುದರ ಗುರುತಲ್ಲ. ನರಗಳು ಬೆರಳಿನ ರಕ್ತನಾಳಗಳನ್ನು ಬಿಗಿ ಮಾಡುತ್ತವೆ, ಒಳಗಿನ ಭಾಗ ಕುಗ್ಗುತ್ತದೆ, ಮೇಲಿನ ಚರ್ಮ ಮಡಿಕೆ ಬೀಳುತ್ತದೆ. ಆ ನರ ಕತ್ತರಿಸಿಹೋದ ಬೆರಳು ನೀರಿನಲ್ಲಿಟ್ಟರೂ ಹಾಗೆ ಸುಕ್ಕಾಗುವುದಿಲ್ಲ. ಇದು 1930ರ ದಶಕದಿಂದಲೇ ಗೊತ್ತಿರುವ ವಿಷಯ.

ಶಿಶು ವಾರ್ಡ್ ನರ್ಸ್

ನಾನು ಇಲ್ಲಿ ಬರೆಯುವುದು ಕಡಿಮೆ. ಆದರೆ ತಲೆ ಮತ್ತು ಬಾಲ ಇರುವ ಆ ಅಣುವಿನ ಮಾತು ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ. ನನ್ನ ಕೆಲಸವೆಲ್ಲ ಅದರ ಸುತ್ತಲೇ ಇದೆ.

ನೀರಿನ ಮೇಲ್ಮೈ ಎಳೆತವನ್ನು ಎಲ್ಲರೂ ಹೊಗಳುತ್ತಾರೆ. ನೀರಿನ ಮೇಲೆ ನಡೆಯುವ ಕೀಟದ ಚಿತ್ರ ಹಾಕುತ್ತಾರೆ. ಅದೇ ಎಳೆತ ಒಂದು ಮಗುವಿನ ಉಸಿರು ನಿಲ್ಲಿಸುವುದನ್ನು ನಾನು ನೋಡಿದ್ದೇನೆ.

ಶ್ವಾಸಕೋಶದ ಒಳಗೆ ಕೋಟಿಗಟ್ಟಲೆ ಪುಟ್ಟ ಗಾಳಿಚೀಲಗಳಿವೆ. ಒಂದೊಂದರ ಒಳಮೈಯಲ್ಲೂ ನೀರಿನ ತೆಳು ಪೊರೆ ಇರಲೇಬೇಕು. ಕೋಶಗಳು ಒಣಗಬಾರದಲ್ಲ. ಆದರೆ ಆ ನೀರು ತನ್ನ ಮೇಲ್ಮೈಯನ್ನು ಚಿಕ್ಕದು ಮಾಡಿಕೊಳ್ಳಲು ಸದಾ ಎಳೆಯುತ್ತಿರುತ್ತದೆ. ಚೀಲ ಚಿಕ್ಕದಾದಷ್ಟೂ ಮುಚ್ಚಿಕೊಳ್ಳುವ ಒತ್ತಡ ಜಾಸ್ತಿ. ಬರೀ ನೀರೇ ಇದ್ದರೆ ಪ್ರತಿ ಉಸಿರು ಬಿಟ್ಟಾಗಲೂ ಗಾಳಿಚೀಲ ಅಂಟಿಕೊಂಡುಬಿಡುತ್ತದೆ. ಅದನ್ನು ಮತ್ತೆ ಬಿಡಿಸಲು ಮಗು ಮೈಯೆಲ್ಲ ಶಕ್ತಿ ಹಾಕಬೇಕು. ಪಕ್ಕೆಲುಬಿನ ಸಂದುಗಳು ಒಳಕ್ಕೆ ಹೋಗುತ್ತವೆ. ಪ್ರತಿ ಉಸಿರಿಗೂ ನರಳುವ ಒಂದು ಸದ್ದು ಬರುತ್ತದೆ. ಆ ಸದ್ದು ಕೇಳಿದವರಿಗೆ ಮರೆಯುವುದಿಲ್ಲ.

ಇದನ್ನು ತಡೆಯಲು ಶ್ವಾಸಕೋಶ ತಾನೇ ಒಂದು ವಸ್ತು ತಯಾರಿಸುತ್ತದೆ. ಸರ್ಫ್ಯಾಕ್ಟಂಟ್ ಅನ್ನುತ್ತೇವೆ. ಅದರಲ್ಲಿ ಹೆಚ್ಚಿನ ಪಾಲು ಇವರು ಹೇಳಿದ ಫಾಸ್ಫೋಲಿಪಿಡ್ಡೇ. ತಲೆ ನೀರಿನಲ್ಲಿ, ಬಾಲ ಗಾಳಿಯ ಕಡೆ. ನೀರಿನ ಅಣುಗಳ ನಡುವೆ ಹೊಕ್ಕು ಅವುಗಳ ಬಿಗಿ ಸಡಿಲಿಸುತ್ತದೆ. ಗರ್ಭದಲ್ಲಿ ಇದು ಸಾಕಷ್ಟು ತಯಾರಾಗುವುದು ಕೊನೆಯ ವಾರಗಳಲ್ಲಿ. 34 ವಾರಕ್ಕೆ ಮೊದಲೇ ಹುಟ್ಟಿದ ಮಕ್ಕಳಲ್ಲಿ ಬಹಳ ಸಲ ಕೊರತೆ ಇರುತ್ತದೆ.

ಕಾಯಿಲೆಯ ಕಾರಣ ಇದೇ ಅಂತ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ 1959ರಲ್ಲಿ ತೋರಿಸಿದರು. ಅದಕ್ಕೆ ಮದ್ದು ಇರಲಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗು ಪ್ಯಾಟ್ರಿಕ್ ಅವಧಿಗೆ ಮುಂಚೆ ಹುಟ್ಟಿ, ಎರಡು ದಿನ ತುಂಬುವ ಮೊದಲೇ ಇದರಿಂದಲೇ ತೀರಿಹೋಯಿತು. 1980ರಲ್ಲಿ ಜಪಾನಿನ ಫುಜಿವಾರಾ ತಂಡ ಸರ್ಫ್ಯಾಕ್ಟಂಟನ್ನು ಮಕ್ಕಳ ಶ್ವಾಸನಾಳಕ್ಕೆ ನೇರವಾಗಿ ಹಾಕಿ ಫಲ ಕಂಡಿತು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರಾತ್ರಿ ಅಂಥ ಮಗುವಿಗೆ ಔಷಧಿ ಹಾಕಿದ್ದನ್ನು ಪಕ್ಕದಲ್ಲೇ ನಿಂತು ನೋಡಿದೆ. ಕೆಲವೇ ಮಿಲಿಲೀಟರ್ ಬಿಳಿ ದ್ರವ. ನೀಲಿಗಟ್ಟಿದ್ದ ತುಟಿ ನನ್ನ ಕಣ್ಣ ಮುಂದೆಯೇ ಕೆಂಪಾಯಿತು. ಪಕ್ಕೆಲುಬು ಒಳಕ್ಕೆ ಹೋಗುವುದು ನಿಂತಿತು. ಹೊರಗೆ ಕಾಯುತ್ತಿದ್ದ ತಾಯಿಗೆ ಏನು ಹೇಳಬೇಕು ಅಂತ ಗೊತ್ತಾಗದೆ ಕೈ ಹಿಡಿದುಕೊಂಡೆ. ನೀರಿನ ಅಣುಗಳು ಒಂದನ್ನೊಂದು ಬಿಡದ ಗುಣವನ್ನು ಒಂದಿಷ್ಟು ಸಡಿಲಿಸಿದ್ದಷ್ಟೇ ಅಂದು ಆದ ಕೆಲಸ.

ಮೇಷ್ಟ್ರೇ, ಆ ಹುಡುಗಿಗೆ ಇದನ್ನೂ ಹೇಳಿ. ನೀರಿನ ಗುಣಗಳೆಲ್ಲ ನಮಗೆ ಅನುಕೂಲವೇ ಅಂತಲ್ಲ. ಕೆಲವನ್ನು ದೇಹ ದಿನವೂ ತಿದ್ದಿಕೊಳ್ಳುತ್ತಾ ಬದುಕುತ್ತದೆ.

ವಿಜ್ಞಾನದ ಮೇಷ್ಟ್ರು

ಮೇಡಂ, ನೀವು ಬರೆದದ್ದನ್ನು ಎರಡು ಸಲ ಓದಿದೆ. ತುಂಬಾ ಧನ್ಯವಾದ. ಮೇಲ್ಮೈ ಎಳೆತಕ್ಕೆ ಇಷ್ಟು ವರ್ಷ ಸೂಜಿ ತೇಲಿಸಿ ತೋರಿಸುತ್ತಿದ್ದೆ. ಇನ್ನು ಮೇಲೆ ಉಸಿರಿನಿಂದ ಶುರು ಮಾಡುತ್ತೇನೆ.

ಲೆಕ್ಕದ ಹುಚ್ಚು

ಶಾಖದ ಮಾತು ಯಾರೂ ಎತ್ತಿಲ್ಲ. ನಾನು ಎತ್ತುತ್ತೇನೆ, ಲೆಕ್ಕದ ಸಮೇತ.

ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.18 ಜೌಲ್ ಬೇಕು. ಕಬ್ಬಿಣಕ್ಕೆ 0.45 ಸಾಕು. ನೀರಿಗೆ ಕೊಟ್ಟ ಶಾಖದ ಒಂದು ಪಾಲು ಅಣುಗಳ ನಡುವಿನ ಕೈ ಬಿಡಿಸುವುದಕ್ಕೇ ಖರ್ಚಾಗುತ್ತದೆ. ಅದಕ್ಕೇ ನೀರು ಬಿಸಿಯಾಗಲು ತಡ.

ಸುಮ್ಮನೆ ಕೂತ ಮನುಷ್ಯನ ದೇಹ ಸುಮಾರು 80 ವಾಟ್ ಶಾಖ ಹುಟ್ಟಿಸುತ್ತದೆ ಅಂತ ಇಟ್ಟುಕೊಳ್ಳಿ. ಗಂಟೆಗೆ 288 ಕಿಲೋಜೌಲ್. ದೇಹದ ತೂಕ 60 ಕೆಜಿ. ದೇಹದಲ್ಲಿ ಬಹುಪಾಲು ನೀರಿರುವುದರಿಂದ ಪ್ರತಿ ಕೆಜಿಗೆ ಒಂದು ಡಿಗ್ರಿ ಏರಲು ಸುಮಾರು 3.5 ಕಿಲೋಜೌಲ್ ಬೇಕು. ಅಂದರೆ ಒಟ್ಟು 210. ಶಾಖ ಹೊರಗೆ ಹೋಗದಂತೆ ಕಟ್ಟಿಹಾಕಿದರೂ ಗಂಟೆಗೆ ಏರುವುದು ಒಂದೂವರೆ ಡಿಗ್ರಿಗಿಂತ ಕಡಿಮೆ. ಅದೇ ದೇಹ ಕಬ್ಬಿಣದಷ್ಟು ಬೇಗ ಬಿಸಿಯಾಗುವ ವಸ್ತುವಿನಿಂದ ಆಗಿದ್ದರೆ ಗಂಟೆಗೆ ಹತ್ತು ಡಿಗ್ರಿ ಮೀರುತ್ತಿತ್ತು. ಕೂತಲ್ಲೇ ಬೇಯುತ್ತಿದ್ದೆವು.

ಇನ್ನು ಬೆವರು. ಚರ್ಮದ ಮೇಲಿನ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2.4 ಕಿಲೋಜೌಲ್ ಹೊತ್ತುಕೊಂಡು ಹೋಗುತ್ತದೆ. 100 ಮಿಲಿ ಬೆವರು ಆರಿದರೆ 240 ಕಿಲೋಜೌಲ್. ಮೇಲಿನ ಲೆಕ್ಕದಲ್ಲಿ ಇಡೀ ದೇಹ ಒಂದು ಡಿಗ್ರಿಗಿಂತ ಜಾಸ್ತಿ ತಣ್ಣಗಾಗಲು ಇಷ್ಟು ಸಾಕು. ಒಂದು ಲೋಟಕ್ಕಿಂತ ಕಡಿಮೆ ನೀರು!

ಆದರೆ ಬೆವರು ಆರಬೇಕು, ತೊಟ್ಟಿಕ್ಕಿದರೆ ಉಪಯೋಗವಿಲ್ಲ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರುವುದಿಲ್ಲ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ 35 ಡಿಗ್ರಿ ತೋರಿಸುವಂಥ ಹವೆಯಲ್ಲಿ, ನೆರಳಲ್ಲಿ ಕೂತ ಆರೋಗ್ಯವಂತನೂ ಹೆಚ್ಚು ಹೊತ್ತು ತಡೆಯಲಾರ ಅಂತ ಲೆಕ್ಕ ಹೇಳುತ್ತದೆ. ನಿಜವಾದ ಮನುಷ್ಯರ ಮೇಲೆ ನೋಡಿದಾಗ ಮಿತಿ ಅದಕ್ಕಿಂತಲೂ ಕೆಳಗೇ ಸಿಕ್ಕಿದೆ. ಬೆವರಿನ ಶಕ್ತಿಯನ್ನು ನಂಬಿ ಬದುಕುವ ಪ್ರಾಣಿಗಳು ನಾವು. ಭೂಮಿ ಬಿಸಿಯಾಗುತ್ತಿರುವ ಕಾಲದಲ್ಲಿ ಇದು ನನ್ನನ್ನು ನಿಜಕ್ಕೂ ಚಿಂತೆಗೆ ಹಚ್ಚುತ್ತದೆ.

ಕಾಡು ಸುತ್ತುವವ

ಮರಗಳೂ ಅದನ್ನೇ ಮಾಡುತ್ತವೆ. ಎಲೆಯಿಂದ ನೀರು ಆವಿಯಾಗಿ ಎಲೆ ತಣ್ಣಗಾಗುತ್ತದೆ. ಜೊತೆಗೆ ಬೇರಿನಿಂದ ನೀರು ಮೇಲೆ ಬರುತ್ತದೆ. ಲೋಮನಾಳತ್ವ ಅಂತ ಶಾಲೆಯಲ್ಲಿ ಓದಿದ್ದೆವಲ್ಲ, ಸಣ್ಣ ಕೊಳವೆಯಲ್ಲಿ ನೀರು ತಾನೇ ಏರುವುದು.

ಲೆಕ್ಕದ ಹುಚ್ಚು

ಅದೊಂದೇ ಆದರೆ ಸಾಲದು. ಮರದ ನೀರಿನ ಕೊಳವೆ 20 ಮೈಕ್ರೋಮೀಟರ್ ಅಗಲ ಅಂತ ಹಿಡಿಯಿರಿ. ಅಂಥ ಕೊಳವೆಯಲ್ಲಿ ನೀರು ತಾನಾಗಿ ಏರುವುದು ಸುಮಾರು ಒಂದೂವರೆ ಮೀಟರ್. ಮೇಲಿನಿಂದ ಪಂಪ್ ಇಟ್ಟು ಗಾಳಿ ಹೀರಿದರೂ 10 ಮೀಟರಿನ ಆಸುಪಾಸಿನಲ್ಲಿ ನಿಂತುಹೋಗುತ್ತದೆ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳಲ್ಲಿ ಅತಿ ಎತ್ತರದ್ದು ಸುಮಾರು 116 ಮೀಟರ್ ಇದೆ.

ಕಾಡು ಸುತ್ತುವವ

ನಿಮ್ಮ ಮಾತು ನೋಡಿ ಹಳೆಯ ಪುಸ್ತಕ ತೆಗೆದೆ. ನೀವು ಹೇಳಿದ್ದು ಸರಿ, ನಾನು ಅರ್ಧ ಹೇಳಿದ್ದೆ.

ಡಿಕ್ಸನ್ ಮತ್ತು ಜಾಲಿ ಅನ್ನುವ ಇಬ್ಬರು 1894ರಲ್ಲಿ ಡಬ್ಲಿನ್‌ನಿಂದ ಇದಕ್ಕೆ ಉತ್ತರ ಕೊಟ್ಟರು. ನೀರನ್ನು ಕೆಳಗಿನಿಂದ ತಳ್ಳುತ್ತಿಲ್ಲ. ಮೇಲಿನಿಂದ ಹಗ್ಗದಂತೆ ಎಳೆಯುತ್ತಿದೆ. ಬೇರಿನಿಂದ ಎಲೆಯವರೆಗೆ ನೀರಿನ ಎಳೆ ಎಲ್ಲೂ ತುಂಡಾಗದೆ ನಿಂತಿರುತ್ತದೆ. ಎಲೆಯ ಕೋಶಗಳ ಗೋಡೆಯಲ್ಲಿ ಕೆಲವೇ ನ್ಯಾನೋಮೀಟರಿನ ಸಂದುಗಳಿವೆ. ಅಲ್ಲಿ ಒಂದು ಅಣು ಆವಿಯಾಗಿ ಹೋದರೆ ಹಿಂದಿನದು ಅದರ ಜಾಗಕ್ಕೆ ಬರುತ್ತದೆ, ಅದರ ಹಿಂದಿನದು ಅದರ ಜಾಗಕ್ಕೆ. ಕೊಳವೆಯಲ್ಲಿ ಏರಿಸುವ ಗುಣವೇ ಇಲ್ಲೂ ಇದೆ. ಆದರೆ ಅದು ಕೆಲಸ ಮಾಡುವ ಜಾಗ ಕಾಂಡವಲ್ಲ, ಎಲೆಯ ಆ ಸಂದು. ಎತ್ತರದ ಮರದ ತುದಿಯಲ್ಲಿ ಈ ಎಳೆತ ಗಾಳಿಯ ಒತ್ತಡದ ಹತ್ತು ಹದಿನೈದು ಪಟ್ಟು ದಾಟುತ್ತದೆ. ನೀರಿನ ಎಳೆ ಅಷ್ಟನ್ನೂ ತಾಳುತ್ತದೆ.

ಎಲ್ಲಾ ಸಲ ತಾಳುವುದಿಲ್ಲ. ಬರಗಾಲದಲ್ಲಿ ಎಳೆತ ಮಿತಿ ಮೀರಿದಾಗ ಎಳೆ ಪಟ್ ಅಂತ ತುಂಡಾಗಿ ಕೊಳವೆಯಲ್ಲಿ ಗಾಳಿಗುಳ್ಳೆ ಕೂರುತ್ತದೆ. ನಮ್ಮ ಕಿವಿಗೆ ಕೇಳದ ಆ ಸದ್ದನ್ನು ಯಂತ್ರ ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ಮರ ಇನ್ನೂ ಹಸಿರು. ಒಳಗೆ ಒಂದೊಂದೇ ಕೊಳವೆ ಸಾಯುತ್ತಿರುತ್ತದೆ. ಒಣಗಿದ ಕಾಡಿನಲ್ಲಿ ನಡೆಯುವಾಗ ಈ ವಿಷಯ ನೆನಪಾದರೆ ಮನಸ್ಸು ಭಾರವಾಗುತ್ತದೆ.

ಹೊಸ ಓದುಗ

ಐಸ್ ತೇಲುವುದನ್ನು ಬಿಟ್ಟಿರಿ. ನೀರು 4 ಡಿಗ್ರಿಯಲ್ಲಿ ಅತಿ ಭಾರ, ಆಮೇಲೆ ತಣ್ಣಗಾದಷ್ಟೂ ಹಗುರ. ಹಾಗಾಗಿ ಸರೋವರ, ಸಮುದ್ರಗಳ ತಳದಲ್ಲಿ 4 ಡಿಗ್ರಿಯ ನೀರು ಉಳಿದು ಮೀನುಗಳು ಬದುಕುತ್ತವೆ. ಇದನ್ನು ಪಾಠದಲ್ಲಿ ಸೇರಿಸಿ ಸರ್.

ಕಡಲು ಅಳೆಯುವವಳು

ಸರೋವರದ ಮಟ್ಟಿಗೆ ಸರಿ. ಸಮುದ್ರದ ಮಟ್ಟಿಗೆ ತಪ್ಪು. ಈ ತಪ್ಪು ಎಷ್ಟೋ ಪುಸ್ತಕಗಳಲ್ಲಿದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಸಿಹಿನೀರು 4 ಡಿಗ್ರಿಗಿಂತ ಕೆಳಗೆ ಹೋದಾಗ ಹಗುರವಾಗಲು ಕಾರಣ, ಅಣುಗಳು ಈಗಾಗಲೇ ಹಿಮದ ಜೋಡಣೆಯ ಕಡೆಗೆ ವಾಲುತ್ತಿರುತ್ತವೆ. ಪ್ರತಿ ಅಣು ನಾಲ್ಕು ಕಡೆ ಕೈ ಹಿಡಿದು ನಿಂತರೆ ನಡುವೆ ಖಾಲಿ ಜಾಗ ಜಾಸ್ತಿ. ಹೆಪ್ಪುಗಟ್ಟಿದಾಗ ಸುಮಾರು ನೂರಕ್ಕೆ 9ರಷ್ಟು ಹಿಗ್ಗುತ್ತದೆ. ಸಮುದ್ರದ ನೀರಿನಲ್ಲಿ ಕೆಜಿಗೆ ಸುಮಾರು 35 ಗ್ರಾಂ ಉಪ್ಪು ಇದೆ. ಆ ಉಪ್ಪು ಈ ಜೋಡಣೆಗೆ ಅಡ್ಡ ಬರುತ್ತದೆ. ಹೆಪ್ಪುಗಟ್ಟುವ ಮಟ್ಟ, ಅಂದರೆ ಸೊನ್ನೆಗಿಂತ ಸುಮಾರು 1.9 ಡಿಗ್ರಿ ಕೆಳಗೆ, ಅಲ್ಲಿಯವರೆಗೂ ಸಮುದ್ರದ ನೀರು ತಣ್ಣಗಾದಷ್ಟೂ ಭಾರವಾಗುತ್ತಲೇ ಹೋಗುತ್ತದೆ. 4 ಡಿಗ್ರಿಯ ನಿಯಮ ಅಲ್ಲಿಲ್ಲ.

ಇಲ್ಲದಿರುವುದೇ ಒಳ್ಳೆಯದಾಯಿತು. ಅಂಟಾರ್ಕ್ಟಿಕಾದ ಅಂಚಿನಲ್ಲಿ, ಅಟ್ಲಾಂಟಿಕ್‌ನ ಉತ್ತರ ತುದಿಯಲ್ಲಿ ಮೇಲಿನ ನೀರು ತಣ್ಣಗಾಗಿ ಮುಳುಗುತ್ತದೆ. ಮಂಜುಗಡ್ಡೆ ಕಟ್ಟುವಾಗ ಉಪ್ಪನ್ನು ಹೊರಕ್ಕೆ ತಳ್ಳುತ್ತದೆ, ಸುತ್ತಲ ನೀರು ಇನ್ನೂ ಭಾರವಾಗುತ್ತದೆ. ಮುಳುಗುವ ನೀರು ತನ್ನ ಜೊತೆ ಆಕ್ಸಿಜನ್ ಹೊತ್ತೊಯ್ಯುತ್ತದೆ. ತಣ್ಣೀರಿನಲ್ಲಿ ಆಕ್ಸಿಜನ್ ಜಾಸ್ತಿ ಕರಗುತ್ತದೆ: ಸಿಹಿನೀರಿನಲ್ಲಿ ಸೊನ್ನೆ ಡಿಗ್ರಿಗೆ ಲೀಟರಿಗೆ ಸುಮಾರು 14.6 ಮಿಲಿಗ್ರಾಂ, 30 ಡಿಗ್ರಿಗೆ ಸುಮಾರು 7.5. ಉಪ್ಪುನೀರಿನಲ್ಲಿ ಎರಡೂ ಸ್ವಲ್ಪ ಕಡಿಮೆ, ಆದರೆ ವ್ಯತ್ಯಾಸ ಹಾಗೆಯೇ. ಸಾವಿರಾರು ಮೀಟರ್ ಆಳದ ಕತ್ತಲಲ್ಲಿ ಒಂದು ಮೀನು ಇವತ್ತು ಉಸಿರಾಡುವ ಆಕ್ಸಿಜನ್, ನೂರಾರು ವರ್ಷಗಳ ಹಿಂದೆ ಮೇಲ್ಮೈಯಲ್ಲಿ ನೀರಿಗೆ ಸೇರಿದ್ದಿರಬಹುದು.

ಮಂಜುಗಡ್ಡೆ ತೇಲುವುದು ಮಾತ್ರ ಎರಡು ಕಡೆಯೂ ನಿಜ. ಅದು ಮುಚ್ಚಳದಂತೆ ಕೂತು ಗಾಳಿಯ ಹೊಡೆತ ತಪ್ಪಿಸುತ್ತದೆ. ಅದರ ಮೇಲೆ ಬಿದ್ದ ಹಿಮದಲ್ಲಿ ಗಾಳಿ ತುಂಬಿರುವುದರಿಂದ ಚಳಿ ಕೆಳಗೆ ಇಳಿಯುವುದು ನಿಧಾನ.

ಹೊಸ ಓದುಗ

ತಿದ್ದಿದ್ದಕ್ಕೆ ಥ್ಯಾಂಕ್ಸ್ ಅಕ್ಕ. ಸಮುದ್ರವನ್ನು ನಾನು ಊಹೆಯಿಂದ ಸೇರಿಸಿದ್ದೆ.

ನೀರಿಗೆ ನೆನಪಿನ ಶಕ್ತಿ ಇದೆ ಅಂತ ಒಂದು ವಿಡಿಯೋ ನಮ್ಮ ಮನೆಯವರೆಲ್ಲ ನೋಡಿದ್ದಾರೆ. ಅದರಲ್ಲಿ ಏನಾದರೂ ಹುರುಳಿದೆಯಾ?

ರಸಾಯನ ವಿದ್ಯಾರ್ಥಿನಿ

ಇಲ್ಲ. ನೀರಿನ ಅಣುಗಳು ಒಂದನ್ನೊಂದು ಹಿಡಿಯುವ ಹೈಡ್ರೋಜನ್ ಬಂಧ ಒಂದು ಸೆಕೆಂಡಿನ ಲಕ್ಷ ಕೋಟಿ ಪಾಲಿನಲ್ಲಿ ಒಂದೆರಡು ಪಾಲು ಮಾತ್ರ ಉಳಿಯುತ್ತದೆ. ಆಮೇಲೆ ಬಿಟ್ಟು ಬೇರೆಯದನ್ನು ಹಿಡಿಯುತ್ತದೆ. ಅಷ್ಟರಲ್ಲಿ ಯಾವ ಗುರುತೂ ನಿಲ್ಲುವುದಿಲ್ಲ. 1988ರಲ್ಲಿ ಫ್ರಾನ್ಸಿನ ಜಾಕ್ ಬೆನ್ವೆನಿಸ್ಟ್ ಇಂಥದ್ದೊಂದು ಫಲಿತಾಂಶವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಪತ್ರಿಕೆಯ ತಂಡ ಅವರ ಪ್ರಯೋಗಶಾಲೆಗೇ ಹೋಗಿ, ಯಾವ ಸೀಸೆಯಲ್ಲಿ ಏನಿದೆ ಅಂತ ಯಾರಿಗೂ ಗೊತ್ತಾಗದ ಹಾಗೆ ಮಾಡಿ ನೋಡಿದಾಗ ಅದು ನಿಲ್ಲಲಿಲ್ಲ.

ನನಗೆ ಆ ಮರೆವೇ ಇಷ್ಟ. ಗಟ್ಟಿಯಾಗಿ ಹಿಡಿದು ಬಿಡದಿದ್ದರೆ ನೀರು ಹರಿಯುತ್ತಿರಲಿಲ್ಲ. ಹಿಡಿಯದೇ ಇದ್ದಿದ್ದರೆ ಈ ತಾಪದಲ್ಲಿ ದ್ರವವಾಗಿಯೇ ಇರುತ್ತಿರಲಿಲ್ಲ. ಅದರ ಹತ್ತಿರದ ಸಂಬಂಧಿ ಹೈಡ್ರೋಜನ್ ಸಲ್ಫೈಡ್ ತೂಕದಲ್ಲಿ ಹೆಚ್ಚಿದ್ದರೂ ಸೊನ್ನೆಗಿಂತ 60 ಡಿಗ್ರಿ ಕೆಳಗೇ ಕುದಿಯುತ್ತದೆ.

ಡಿಎನ್‌ಎ ಲ್ಯಾಬ್‌ನವ

ತಡವಾಗಿ ಬಂದೆ. ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಇಲ್ಲಿ ಬಂದ ಉತ್ತರಗಳು ಚೆನ್ನಾಗಿವೆ. ಆದರೆ ಪೂರ್ತಿಯಾಗಿಲ್ಲ. ನಿಜ ಹೇಳಬೇಕೆಂದರೆ ನಾವು ಕರಗುತ್ತಿದ್ದೇವೆ.

ಉಪ್ಪು, ಸಕ್ಕರೆ ಕರಗುವಾಗ ಅಣುಗಳು ಬೇರೆಯಾಗುತ್ತವೆ, ಮುರಿಯುವುದಿಲ್ಲ. ನಮ್ಮ ದೇಹದ ಪ್ರೋಟೀನ್, ಡಿಎನ್‌ಎ ಉದ್ದನೆಯ ಸರಗಳು. ಸರದ ಮಣಿಗಳನ್ನು ಕಟ್ಟಿರುವ ದಾರ ಗಟ್ಟಿ. ಆದರೆ ಆ ದಾರವನ್ನೂ ನೀರು ಕತ್ತರಿಸಬಲ್ಲದು. ಒಂದು ನೀರಿನ ಅಣು ನಡುವೆ ಹೊಕ್ಕು, ಎರಡು ತುಂಡಿಗೂ ತನ್ನ ಒಂದೊಂದು ಭಾಗ ಕೊಟ್ಟು ಬಿಡಿಸುತ್ತದೆ. ಹೊಟ್ಟೆಯಲ್ಲಿ ಊಟ ಜೀರ್ಣವಾಗುವುದು ಹೀಗೆಯೇ. ಅಲ್ಲಿ ಕಿಣ್ವಗಳು ಈ ಕೆಲಸವನ್ನು ಕೆಲವೇ ಗಂಟೆಗಳಲ್ಲಿ ಮುಗಿಸುತ್ತವೆ. ಕಿಣ್ವ ಇಲ್ಲದ ಬರೀ ನೀರಿನಲ್ಲಿ ಪ್ರೋಟೀನಿನ ಕೊಂಡಿಗಳಲ್ಲಿ ಅರ್ಧ ಮುರಿಯಲು ನೂರಾರು ವರ್ಷ ಬೇಕು. ನಮ್ಮ ಆಯಸ್ಸಿಗಿಂತ ಅದು ನಿಧಾನ. ಅದಕ್ಕೇ ಸ್ನಾನದಲ್ಲಿ ನಾವು ಕರಗುವುದು ಕಾಣುವುದಿಲ್ಲ.

ಡಿಎನ್‌ಎ ಅಷ್ಟು ಅದೃಷ್ಟವಂತ ಅಲ್ಲ. ಅದರ ಅಕ್ಷರಗಳನ್ನು, ಅಂದರೆ ಮಾಹಿತಿ ಹೊತ್ತ ಪುಟ್ಟ ಭಾಗಗಳನ್ನು, ಸರದ ಬೆನ್ನಿಗೆ ಅಂಟಿಸಿರುವ ಕೊಂಡಿ ದುರ್ಬಲ. ನಿಮ್ಮ ಒಂದೊಂದು ಜೀವಕೋಶದಲ್ಲೂ ದಿನಕ್ಕೆ ಸುಮಾರು 10,000 ಅಕ್ಷರಗಳು ನೀರಿನ ಹೊಡೆತಕ್ಕೆ ಉದುರಿಹೋಗುತ್ತವೆ. ಡಿಎನ್‌ಎ ಕಲ್ಲಿನಂತೆ ಸ್ಥಿರ ಅಂತ ಎಲ್ಲರೂ ನಂಬಿದ್ದ ಕಾಲದಲ್ಲಿ, 1970ರ ದಶಕದಲ್ಲಿ, ತೋಮಸ್ ಲಿಂಡಾಲ್ ಇದನ್ನು ಅಳೆದರು. ಇಷ್ಟು ಉದುರಿದರೂ ನಾವು ಬದುಕಿದ್ದೇವೆ ಅಂದರೆ ಯಾರೋ ತುಂಬುತ್ತಿರಲೇಬೇಕು ಅಂತ ಹುಡುಕಿದರು. ರಿಪೇರಿ ಮಾಡುವ ಕಿಣ್ವಗಳು ಸಿಕ್ಕವು. 2015ರಲ್ಲಿ ಅವರಿಗೂ ಇನ್ನಿಬ್ಬರಿಗೂ ಇದೇ ವಿಷಯಕ್ಕೆ ನೊಬೆಲ್ ಬಂತು.

ಆ ಮಗುವಿಗೆ ಹೇಳಿ, ಅವಳ ಅನುಮಾನ ಸರಿ ಇತ್ತು. ಒಳಗಿನ ನೀರು ಅವಳನ್ನು ಪ್ರತಿ ಕ್ಷಣ ಬಿಡಿಸುತ್ತಿದೆ. ಅವಳ ಜೀವಕೋಶಗಳು ಪ್ರತಿ ಕ್ಷಣ ಮತ್ತೆ ಹೆಣೆಯುತ್ತಿವೆ. ಆ ಹೆಣಿಗೆಗೆ ಬೇಕಾದ ವಸ್ತುಗಳನ್ನು ತಂದುಕೊಡುವುದೂ ಆ ನೀರೇ.

ಶಿಶು ವಾರ್ಡ್ ನರ್ಸ್

ದಿನಕ್ಕೆ 10,000, ಒಂದೊಂದು ಕೋಶದಲ್ಲೂ. ಡ್ಯೂಟಿ ಮುಗಿಸಿ ಬಂದು ಇದನ್ನು ಓದಿದೆ. ಇವತ್ತು ರಾತ್ರಿ ನನಗೆ ಬೇಗ ನಿದ್ದೆ ಬರುವುದಿಲ್ಲ.

ವಿಜ್ಞಾನದ ಮೇಷ್ಟ್ರು

ಸೋಮವಾರ ಆಯಿತು. ಏನಾಯಿತು ಅಂತ ಹೇಳುವುದು ನನ್ನ ಕರ್ತವ್ಯ.

ಬೋರ್ಡಿನ ಮೇಲೆ ‘ಸಾರ್ವತ್ರಿಕ ದ್ರಾವಕ’ ಅಂತ ಮತ್ತೆ ಬರೆದು, ಅವಳ ಕೈಗೇ ಡಸ್ಟರ್ ಕೊಟ್ಟು ಮೊದಲ ಪದ ಅಳಿಸು ಅಂದೆ. ಒಂದು ಗಾಜಿನ ಲೋಟದಲ್ಲಿ ಉಪ್ಪು, ಇನ್ನೊಂದರಲ್ಲಿ ಎಣ್ಣೆ ಹಾಕಿ ಕಲಕಿಸಿದೆ. ಎಣ್ಣೆ ಮತ್ತೆ ಒಂದಾಗುವುದನ್ನು ಎಲ್ಲರೂ ನೋಡಿದರು. ಅದನ್ನು ಒಂದು ಮಾಡಿದ್ದು ಯಾರು ಅಂತ ಕೇಳಿದೆ. ಎಣ್ಣೆ ಅಂದರು. ನೀರು ಅಂದೆ. ಅಲ್ಲಿಂದ ಪೊರೆ, ಶ್ವಾಸಕೋಶ, ಮರ, ಎಲ್ಲ ಬಂತು. ಬೆವರಿನ ಲೆಕ್ಕವನ್ನು ಮಕ್ಕಳೇ ಮಾಡಿದರು. ನರ್ಸ್ ಮೇಡಂ ಹೇಳಿದ ಮಗುವಿನ ವಿಷಯ ಹೇಳುವಾಗ ಇಡೀ ತರಗತಿ ನಿಶ್ಶಬ್ದವಾಗಿತ್ತು. ಒಬ್ಬ ಹುಡುಗ ತನ್ನ ತಂಗಿಯೂ ಹಾಗೆಯೇ ಹುಟ್ಟಿದ್ದು ಅಂದ.

ಕೊನೆಗೆ, ನೀನು ಕೇಳಿದ್ದು ಸರಿಯಾಗಿತ್ತು, ನಾವು ನಿಧಾನವಾಗಿ ಕರಗುತ್ತಲೇ ಇದ್ದೇವೆ ಅಂದೆ. ಈ ಸಲ ಯಾರೂ ನಗಲಿಲ್ಲ. ಅವಳು ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: “ಸರ್, ಹಾಗಾದ್ರೆ ನೀರು ಪೂರ್ತಿ ತೆಗೆದುಬಿಟ್ರೆ ಜಾಸ್ತಿ ದಿನ ಉಳೀತೀವಾ?”

ಈಗ ಇದಕ್ಕೆ ಏನು ಹೇಳಲಿ?

ಡಿಎನ್‌ಎ ಲ್ಯಾಬ್‌ನವ

ಎಷ್ಟು ಚೆಂದದ ಪ್ರಶ್ನೆ! ಉಳಿಯುವುದಂತೂ ನಿಜ. ಒಣಗಿದ ಎಲುಬಿನಲ್ಲಿ, ಹಿಮದಲ್ಲಿ ಹೂತಿದ್ದರಲ್ಲಿ ಹಳೆಯ ಡಿಎನ್‌ಎ ಸಿಗುವುದು ಅದಕ್ಕೇ. ಅಲ್ಲಿ ನೀರು ಇಲ್ಲ, ಇಲ್ಲವೇ ಗಟ್ಟಿಯಾಗಿದೆ. ಆದರೆ ನಾವು ಒಣಗಿದರೆ ಪೊರೆಗಳು ಹಾಳಾಗುತ್ತವೆ, ಪ್ರೋಟೀನುಗಳು ಮಡಿಕೆ ಕಳೆದುಕೊಳ್ಳುತ್ತವೆ. ಮತ್ತೆ ನೀರು ಹಾಕಿದರೂ ಎದ್ದು ಬರುವುದಿಲ್ಲ.

ಎದ್ದು ಬರುವ ಜೀವಿಗಳಿವೆ. 1702ರಲ್ಲಿ ಹಾಲೆಂಡಿನ ಸೂಕ್ಷ್ಮದರ್ಶಕ ತಜ್ಞ ಲೇವನ್‌ಹುಕ್ ಮನೆಯ ಚಾವಣಿಯ ಮಳೆನೀರಿನ ದೋಣಿಯಲ್ಲಿದ್ದ ಒಣ ಧೂಳಿಗೆ ನೀರು ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸ್ವಲ್ಪ ಹೊತ್ತಿಗೆ ರೋಟಿಫರ್ ಅನ್ನುವ ಪುಟ್ಟ ಜೀವಿಗಳು ಓಡಾಡತೊಡಗಿದವು. ಎಂಟು ಕಾಲಿನ ಸೂಕ್ಷ್ಮ ಜೀವಿಗಳಾದ ಟಾರ್ಡಿಗ್ರೇಡ್‌ಗಳೂ ಹಾಗೆಯೇ. ಒಣಗುವಾಗ ಅವುಗಳ ಒಳಗಿನ ದ್ರವ ಗಾಜಿನಂತೆ ಗಟ್ಟಿಯಾಗಿ ಪ್ರತಿಯೊಂದನ್ನೂ ಇದ್ದ ಜಾಗದಲ್ಲೇ ಹಿಡಿದಿಡುತ್ತದೆ. ಆ ಸ್ಥಿತಿಯಲ್ಲಿ ಅವು ತಿನ್ನುವುದಿಲ್ಲ, ಬೆಳೆಯುವುದಿಲ್ಲ, ಉಸಿರಾಟವೂ ಇಲ್ಲದಷ್ಟು ಕಡಿಮೆ. ರಿಪೇರಿಯೂ ನಡೆಯುವುದಿಲ್ಲ. ಉದುರಿದ ಅಕ್ಷರಗಳು ಹಾಗೇ ಲೆಕ್ಕಕ್ಕೆ ಕೂಡಿಕೊಳ್ಳುತ್ತವೆ. ನೀರು ಮರಳಿದ ಮೇಲೆ ಮೊದಲ ಕೆಲಸವೇ ಅವನ್ನು ಸರಿಪಡಿಸುವುದು.

ಕಾಡು ಸುತ್ತುವವ

ಅವಳಿಗೆ ಬೀಜ ತೋರಿಸಿ ಮೇಷ್ಟ್ರೇ. ಇಸ್ರೇಲಿನ ಮಸಾಡಾ ಕೋಟೆಯಲ್ಲಿ ಸಿಕ್ಕ ಖರ್ಜೂರದ ಬೀಜ ಸುಮಾರು 2000 ವರ್ಷ ಹಳೆಯದು. 2005ರಲ್ಲಿ ನೆಟ್ಟಾಗ ಮೊಳೆಯಿತು. ಒಣ ಹವೆಯಲ್ಲಿ ಅಷ್ಟು ಕಾಲ ಸುಮ್ಮನೆ ಕಾದಿತ್ತು.

ವಿಜ್ಞಾನದ ಮೇಷ್ಟ್ರು

ಸರಿ. ನಾಳೆ ಎರಡು ಹಿಡಿ ಕಾಳು ತೆಗೆದುಕೊಂಡು ಹೋಗುತ್ತೇನೆ. ಒಂದು ಹಿಡಿ ಒಣ ಡಬ್ಬಿಯಲ್ಲಿ, ಒಂದು ಹಿಡಿ ಒದ್ದೆ ಬಟ್ಟೆಯಲ್ಲಿ. ಡಬ್ಬಿಯ ಮೇಲೆ ತಾರೀಖು ಅವಳೇ ಬರೆಯಲಿ. ಯಾವಾಗ ತೆರೆಯಬೇಕು ಅಂತಲೂ ಅವಳೇ ಹೇಳಲಿ.